ಕಳ್ಳಿ ಸಿಕ್ಕಾಳ

ಅಕ್ಕೋರು ಗಲ್ಲ ಸವರಿದರೆ ಚುಚ್ಚುತ್ತಿತ್ತು. ಅವರ ಅಂಗೈಯಲ್ಲಿ ಪಾಪಾಸುಕಳ್ಳಿಯ ಕೂದಲೆಳೆಯಂಥ ಮುಳ್ಳು ಎರಡೋ ಮೂರೋ ಇದ್ದೇ ಇರುತ್ತಿದ್ದವು. ಕಣ್ಣಿಗೆ ಕಾಣುತ್ತಿರಲಿಲ್ಲ, ಗಲ್ಲಕ್ಕೆ ಗೊತ್ತಾಗುತ್ತಿತ್ತು. ಅವನ್ನು ಕೀಳಲೆಂದು ಕೀಲಿಕೈ ಗೊಂಚಲಿಗೇ ಒಂದು ಚಿಮಟಾ ಕಟ್ಟಿಕೊಂಡಿದ್ದರು.

ಮೊನ್ನೆ ಹಿತ್ತಲಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಮೊಬೈಲ್ ಟಿಣ್ ಎಂದಿತು. ಕೈಯೆಲ್ಲ ಅಂಟು, ಬಗ್ಗಿ ನೋಡಿದೆ. ನಮ್ಮ ಓಣಿಯ ಹೆಂಗಸರ ಗ್ರೂಪು. ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದ ಅಕ್ಕೋರು ಹಾನಗಲ್ಲಿನಲ್ಲಿ ತಂಗಿಯ ಮನೆಯಲ್ಲಿ ಬೆಳಗಿನ ಜಾವ ತೀರಿಕೊಂಡರಂತೆ. ಅದರ ಕೆಳಗೆ ಕೈ ಮುಗಿದ ಚಿತ್ರಗಳು ಸಾಲಾಗಿ ಬೀಳತೊಡಗಿದವು. ಓಂ ಶಾಂತಿ. ದೇವರಂಥ ಅಕ್ಕೋರು. ಎಂಥಾ ದೊಡ್ಡ ಜೀವ. ಬರೆದವರ ಹೆಸರನ್ನು ಒಂದೊಂದಾಗಿ ಓದಿದೆ. ಮೈ ಉರಿದುಹೋಯಿತು. ಇದೇ ಗ್ರೂಪು. ಇವೇ ಕೈಗಳು.

ಸವಣೂರಿಗೆ ನಾನು ಸೊಸೆಯಾಗಿ ಬಂದಾಗ ನಮ್ಮ ಹಿತ್ತಲ ಗೋಡೆಯ ಆಚೆ ಅವರ ಮನೆ. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಆ ದಿನಾ ರಜಾ ಸಿಗಲಿಲ್ಲವಾ" ಎನ್ನುತ್ತಿದ್ದರು. ಅವರ ಪಡಸಾಲೆಯಲ್ಲಿ ಬುದ್ಧನ ಫೋಟೋ ಇತ್ತು. ನಮ್ಮ ಅತ್ತೆ ಬಾಯಿಂದ ಏನೂ ಹೇಳಲಿಲ್ಲ, ಕಣ್ಣಲ್ಲೇ ಹೇಳಿದ್ದರು. ಮೊದಲ ವರ್ಷವೆಲ್ಲ ನಾನು ಅವರ ಮನೆಯ ಚಹಾ ಕುಡಿಯಲಿಲ್ಲ. ಇದನ್ನೂ ಬರೆಯದಿದ್ದರೆ ಉಳಿದದ್ದನ್ನು ಬರೆದು ಏನು ಬಂತು? ಕರೆದಾಗಲೆಲ್ಲ "ಇವತ್ತ ಉಪವಾಸರಿ ಅಕ್ಕೋರ" ಎನ್ನುತ್ತಿದ್ದೆ. ಒಂದು ದಿನ ಅವರು ನಕ್ಕು, "ನಿಮ್ಮ ಶಿವ ಭಾಳ ಪುಣ್ಯವಂತ ಬಿಡವಾ. ವಾರದಾಗ ಏಳೂ ದಿನ ಉಪವಾಸ ಮಾಡೋ ಭಕ್ತಳು ಸಿಕ್ಕಾಳ ಅವಗ" ಎಂದರು. ನಾಚಿ ಅಲ್ಲಿಯೇ ಕುಳಿತು ಕುಡಿದೆ. ಶುಂಠಿ ಹಾಕಿದ್ದರು.

ನಮ್ಮ ಬಾಗಿಲಿಗೆ ದೃಷ್ಟಿಗೆಂದು ಕಟ್ಟಿದ್ದ ಕಳ್ಳಿಯಿಂದಲೇ ನನ್ನ ಪಾಠ ಶುರುವಾಯಿತು.

"ಇದು ಯಾವ ಕಳ್ಳಿ, ತಂಗಿ?"

"ಕಳ್ಳಿ ಅಂದ್ರ ಕಳ್ಳಿರಿ. ಅದರಾಗ ಯಾವ್ದು?"

"ಹಂಗಂದ್ರ ಹ್ಯಾಂಗ? ನೀನು ಹೆಂಗಸು, ನಾನೂ ಹೆಂಗಸು. ಇಬ್ಬರೂ ಒಬ್ಬಾಕಿನ ಏನು?"

ಪಿನ್ನಿನಿಂದ ಚುಚ್ಚಿದರು. ಬೆಳ್ಳಗೆ ಹಾಲು ಜಿನುಗಿತು. "ಗುಡ್ಡದಾಗ ಕಂಡದ್ದಕ್ಕ ಈ ಲೆಕ್ಕ ನೆನಪಿಡು. ಹಾಲು ಬಂತಂದ್ರ ಈ ಮಣ್ಣಿನಾಕಿ. ಬರೇ ನೀರು ಬಂತಂದ್ರ ಪಾಪಾಸುಕಳ್ಳಿ ಬಳಗ, ಹಡಗದಾಗ ಬಂದಾಕಿ. ಕುಂಡದಾಗ ಇಟ್ಟದ್ದರ ಲೆಕ್ಕ ಬ್ಯಾರೆ. ಹಾಲು ಮುಟ್ಟಿದ ಕೈ ಕಣ್ಣಿಗೆ ಹಚ್ಚೀಯ ಮತ್ತ, ಕಣ್ಣು ಹೋಗತಾವು." ಅವರಿಗೆ ಪ್ರತಿಯೊಂದು ಕಳ್ಳಿಯೂ ಅವಳೇ, ಆಕಿಯೇ. ಬಂದಾಳ, ಒಣಗ್ಯಾಳ, ಬಸುರಾಗ್ಯಾಳ ಎಂದೇ ಮಾತು. ಹೂ ಬಿಡುವ ಮುಂಚೆ ಬಸುರಿ.

ಆಮೇಲೆ ಎಷ್ಟು ರವಿವಾರ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದ್ದೇವೋ. ಬಂಕಾಪುರದ ಕೋಟೆಯ ಗೋಡೆಯಲ್ಲಿ ಮೂರು ಅಂಚಿನ ಕಳ್ಳಿ. ಶಿಗ್ಗಾವಿಯ ಕಡೆ ಗರಸುಕಲ್ಲಿನ ದಿಬ್ಬದಲ್ಲಿ ನಾನು "ಇಲ್ಲೊಬ್ಬಾಕಿ ಕಳ್ಳಿ!" ಎಂದು ಕೂಗಿದರೆ, "ಆಕಿ ಮಂಗರವಳ್ಳಿ, ದ್ರಾಕ್ಷಿ ಮನೆತನದಾಕಿ. ಚಟ್ನಿ ಅರದು ತಿಂತಿ, ಗುರುತು ಹಿಡಿಯೂದಿಲ್ಲ" ಎಂದು ಬೈದರು. ಕುಳಿತು ಸವಣೂರಿನ ಖಾರಾ ತಿನ್ನುತ್ತ ಚಿತ್ರ ಬರೆಯುತ್ತಿದ್ದರು. ಮಕ್ಕಳ ಚಿತ್ರಕಲೆಯ ಪುಸ್ತಕ. ಅಂಚು ಎಷ್ಟು, ಮುಳ್ಳು ಜೋಡಿಯೋ ಒಂಟಿಯೋ, ಹೂವಿನ ಬಣ್ಣ ಏನು, ಎಲ್ಲ ಬರೆದು ಕೆಳಗೆ ಹೆಸರು. ಗೊತ್ತಾಗದಿದ್ದರೆ ಕೆಂಪು ಪೆನ್ನಿನಲ್ಲಿ ಪ್ರಶ್ನೆಯ ಗುರುತು. ಪುಸ್ತಕದಲ್ಲಿ ಹೆಸರಿಗಿಂತ ಪ್ರಶ್ನೆಯೇ ಹೆಚ್ಚು.

"ಏನೋ ಒಂದು ಹೆಸರು ಬರದುಬಿಡ್ರಿ, ಯಾರು ನೋಡತಾರ" ಎಂದಿದ್ದೆ ಒಮ್ಮೆ.

"ಗೊತ್ತಿಲ್ಲ ಅಂತ ಬರಿಯಾಕ ನಾಚಬಾರದವಾ. ತಪ್ಪು ಹೆಸರು ಒಮ್ಮೆ ಬರದಿ ಅಂದ್ರ ಅಳಿಸಾಕ ಜನ್ಮ ಸಾಲೂದಿಲ್ಲ."

ಆ ಮಾತನ್ನು ಕಿವಿಯಲ್ಲಿ ಕೇಳಿದವಳು ನಾನೇ. ಆದರೂ ಮಾಡಿದವಳೂ ನಾನೇ.

ನನ್ನ ತವರು ಹಿರೇಕೆರೂರಿನ ಕಡೆ. ಅಲ್ಲಿಯ ಕುರಿ ಕಾಯುವವನೊಬ್ಬ ಅಕ್ಕೋರಿಗೆ ಹೇಳಿದ್ದ: ಒಂದು ಕಳ್ಳಿ ಇದೆ, ವರ್ಷವೆಲ್ಲ ನೆಲದೊಳಗೆ ಗೆಣಸಿನ ಹಾಗೆ ಅಡಗಿರುತ್ತದೆ, ಬೇಸಿಗೆಯಲ್ಲಿ ಎಲೆಯಿಲ್ಲದೆ ಬರಿಯ ಹೂ ಮಣ್ಣಿನ ಮೇಲೆ ಇಣುಕುತ್ತದೆ. ಅದರ ಹೆಸರು ಅವನಿಗೂ ಗೊತ್ತಿರಲಿಲ್ಲ. ನಾವೇ ನೆಲಗಳ್ಳಿ ಎಂದುಕೊಂಡೆವು. ಅಕ್ಕೋರು ಆರು ಬೇಸಿಗೆ ಹುಡುಕಿದರು. ಆರನೆಯ ಬೇಸಿಗೆಯ ಆ ರವಿವಾರ ನಮ್ಮ ಮನೆಗೆ ಬೀಗರು ಬರುವವರಿದ್ದರು; ಅಕ್ಕೋರು ಒಬ್ಬರೇ ಹೋದರು. ಮಧ್ಯಾಹ್ನ ಫೋನು.

"ತಂಗೀ, ಸಿಕ್ಕಾಳವಾ! ಗುಡ್ಡದ ಮ್ಯಾಲಿನ ಗುಡಿ ಹಿಂದ, ಕಲ್ಲಿನ ಸಂದ್ಯಾಗ! ಕಳ್ಳಿ ಸಿಕ್ಕಾಳ!"

ಅವರು ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. ತಾವೇ ತೆಗೆದುಕೊಂಡ ಒಂದು ಫೋಟೋ ಕಳಿಸಿದರು. ಹೆಗಲಿಗೆ ಚೀಲ, ಕೈಯಲ್ಲಿ ಕಳೆ ಕೀಳುವ ಕುರ್ಚಿಗಿ, ಹಿಂದೆ ಗುಡಿಯ ಗೋಡೆ. ಕಳ್ಳಿ ಬೊಟ್ಟಿನಷ್ಟು ಚಿಕ್ಕದು. ಫೋಟೋದಲ್ಲಿ ಕಾಣಲೇ ಇಲ್ಲ. ನನಗೂ ಹಿಗ್ಗು. ಒಲೆಯ ಮೇಲೆ ಹೂರಣ ಕುದಿಯುತ್ತಿತ್ತು, ಒಂದು ಕೈಯಲ್ಲಿ ಸೌಟು. ಇನ್ನೊಂದು ಕೈಯಿಂದ ಆ ಫೋಟೋವನ್ನು ಓಣಿಯ ಗ್ರೂಪಿಗೆ ಹಾಕಿ ಕೆಳಗೆ ಬರೆದೆ: "ಗುಡಿ ಹಿಂದ ಕಳ್ಳಿ ಸಿಕ್ಕಾಳ. ನಮ್ಮ ಅಕ್ಕೋರು!"

ಓದಿ ನೋಡಿ. ನೀವಾದರೂ ಏನು ತಿಳಿಯುತ್ತೀರಿ?

ಅದೇ ದಿನ ಮುಂಜಾನೆ ಆ ಗುಡಿಯ ದೇವಿಯ ಬೆಳ್ಳಿಯ ಕಣ್ಣು ಕಾಣೆಯಾಗಿದ್ದವು. ನನಗೆ ಗೊತ್ತಿರಲಿಲ್ಲ. ನಮ್ಮ ಓಣಿಯಲ್ಲೊಬ್ಬಳ ತವರು ಆ ಗುಡ್ಡದ ಕೆಳಗಿನ ಹಳ್ಳಿ, ಆಕೆಗೆ ಗೊತ್ತಿತ್ತು. ನನಗೊಂದು ಮಾತು ಕೇಳದೆ, ಹದಿನೈದು ಹೆಜ್ಜೆಯ ದೂರದ ನನ್ನ ಬಾಗಿಲಿಗೆ ಬಾರದೆ, ಫೋಟೋ ಸಮೇತ ತನ್ನ ಅಣ್ಣನಿಗೆ ಕಳಿಸಿದಳು. ಅಣ್ಣ ಊರ ಹಿರಿಯರನ್ನು ಕರೆದುಕೊಂಡು ಗುಡ್ಡ ಹತ್ತಿದ. ಅಕ್ಕೋರು ಅಲ್ಲಿ ಇನ್ನೂ ಚಿತ್ರ ಬರೆಯುತ್ತ ಕುಳಿತಿದ್ದರು.

ಚೀಲದಲ್ಲಿ ಏನಿದೆ ಎಂದು ಕೇಳುವ ಮೊದಲು ಹಿರಿಯರು ಕೇಳಿದ್ದು, "ನೀವು ಯಾವ ಪೈಕಿ?" ಎಂದು. ಉತ್ತರ ಕೇಳಿದ ಮೇಲೆ ಚೀಲವನ್ನು ಗುಡಿಯ ಮೆಟ್ಟಿಲ ಮೇಲೆ ಸುರಿಸಿದರು. ಖಾರಾದ ಪೊಟ್ಟಣ, ನೀರಿನ ಬಾಟಲಿ, ಪೆನ್ನು, ಪುಸ್ತಕ. ಕಣ್ಣು ಸಿಗದಿದ್ದಾಗ, ಮಣ್ಣಲ್ಲಿ ಹೂತಿರಬೇಕೆಂದು ಅಕ್ಕೋರ ಕುರ್ಚಿಗಿಯನ್ನೇ ಕಸಿದುಕೊಂಡು ಅವರು ಕೆದರಿದ್ದ ಜಾಗವನ್ನು ಅಗೆದರು. ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದ ಹೆಣ್ಣುಮಗಳು ಬಿಸಿಲಲ್ಲಿ ನಿಂತು ಅದನ್ನು ನೋಡಬೇಕಾಯಿತು.

ಸಂಜೆಯ ಬಸ್ಸಿಗೆ ಬಂದರು. ನಾನು ಹಿಗ್ಗಿನಿಂದ ತಟ್ಟೆಯಲ್ಲಿ ಹೋಳಿಗೆ ಇಟ್ಟುಕೊಂಡು ಕಾಯುತ್ತಿದ್ದೆ. ಬಾಗಿಲಲ್ಲೇ ನಿಂತು ನಡೆದದ್ದನ್ನೆಲ್ಲ ಹೇಳಿದರು, ಹಾಜರಿ ಓದಿದ ಹಾಗೆ. ಕೊನೆಗೆ, "ಗಡ್ಡಿ ಎರಡು ಹೋಳಾತವಾ. ಹಾಲು ಸುರೀತು" ಎಂದರು. ಈ ಮಾತನ್ನು ಮಾತ್ರ ಎರಡು ಸಲ ಹೇಳಿದರು.

ನಾನು ಅವರ ಕಾಲು ಹಿಡಿಯಲು ಬಗ್ಗಿದೆ. ತಡೆದರು.

"ನಿಂದಷ್ಟ ತಪ್ಪಲ್ಲ. ಗಿಡಕ್ಕ ನಪುಂಸಕಲಿಂಗ ಹಚ್ಚಬೇಕು. ಕಳ್ಳಿ ಸಿಕ್ಕಿತು ಅನ್ನಬೇಕಿತ್ತು. ಸಿಕ್ಕಾಳ ಅಂದಾಕಿ ನಾನ. ವ್ಯಾಕರಣ ಕಲಿಸಿದಾಕಿನ ತಪ್ಪಿದೆ ನೋಡು."

ದೇವಿಯ ಕಣ್ಣು ಎಲ್ಲಿ ಹೋಗಿದ್ದವು ಗೊತ್ತೇ? ಪೂಜಾರಿಯ ಮನೆಯ ಬಚ್ಚಲಲ್ಲಿ. ಮಂಗಳವಾರದ ಪೂಜೆಗೆ ಹೊಳೆಯಲೆಂದು ಹುಣಸೆಹಣ್ಣು ಹಚ್ಚಿ ತಿಕ್ಕಲು ಒಯ್ದಿದ್ದ, ಯಾರಿಗೂ ಹೇಳಿರಲಿಲ್ಲ. ಕತ್ತಲಾಗುವ ಮೊದಲೇ ಕಣ್ಣು ಗುಡಿಗೆ ಬಂದವು. ಅಕ್ಕೋರ ಬಾಗಿಲಿಗೆ ಯಾರೂ ಬರಲಿಲ್ಲ. ಒಂದು ಫೋನೂ ಇಲ್ಲ. ಆ ದೇವಿಗೆ ನಾನು ಇಂದಿಗೂ ಕೈ ಮುಗಿಯುತ್ತೇನೆ, ಆಕೆಯದೇನು ತಪ್ಪು? ಆದರೆ ಆ ಮೆಟ್ಟಿಲು ಹತ್ತುವಾಗ ಹಲ್ಲು ಕಚ್ಚಿಕೊಂಡೇ ಹತ್ತುತ್ತೇನೆ.

ಮತ್ತೆ ನಾನು? ಮನೆಮನೆಗೆ ಹೋಗಿ, "ಕಳ್ಳಿ ಅಂದ್ರ ಗಿಡರಿ" ಎಂದು ಹೇಳಿದೆ. ಎಲ್ಲರೂ, "ನಮಗ ಗೊತ್ತಿಲ್ಲೇನವಾ" ಎಂದರು. ಬೆನ್ನು ತಿರುಗಿಸಿದರೆ, "ಕಳ್ಳಿ ಅಕ್ಕೋರು" ಎಂದು ಕಿಸಕ್ಕನೆ ನಗುತ್ತಿದ್ದರು. ಎಲ್ಲಿ ತಪ್ಪು ಬರೆದಿದ್ದೆನೋ ಅಲ್ಲಿ, ಆ ಗ್ರೂಪಿನಲ್ಲಿ ಮಾತ್ರ ಒಂದು ಸಾಲು ತಿದ್ದಿ ಬರೆಯಲಿಲ್ಲ. ನಮ್ಮವರು, "ಸುಮ್ನಿರು, ತಾನ ಆರತೈತಿ" ಎಂದರು. ನನಗೂ ಅದೇ ಬೇಕಾಗಿತ್ತು. ಮೂರು ವರ್ಷ ಸುಮ್ಮನಿದ್ದೆ. ದಿನಾ ಮುಂಜಾನೆ ವಿಭೂತಿ ಹಚ್ಚಿಕೊಂಡು ಶಿವನೆದುರು ಕುಳಿತು ಸಣ್ಣಸಣ್ಣ ಉಪಕಾರ ನೆನೆಯುವವಳು ನಾನು: ಇವತ್ತು ಮೊಣಕಾಲು ನೋಯಲಿಲ್ಲ, ಹಾಲು ಒಡೆಯಲಿಲ್ಲ, ಅತ್ತೆಗೆ ನಿದ್ದೆ ಬಂತು. ಅಕ್ಕೋರು ನನ್ನ ಮೇಲೆ ಸಿಟ್ಟಾಗಲಿಲ್ಲ ಎಂಬುದನ್ನೂ ಆ ಉಪಕಾರದಲ್ಲಿ ಸೇರಿಸಿ ಕೈ ಮುಗಿಯುತ್ತಿದ್ದೆನಲ್ಲ, ನನ್ನ ನಾಚಿಕೆಗೇಡಿತನಕ್ಕೆ ಏನನ್ನಬೇಕು!

ಅವರು ಸಿಟ್ಟಾಗಲಿಲ್ಲ, ನಿಜ. ಆದರೆ ಮತ್ತೆ ಗುಡ್ಡ ಹತ್ತಲಿಲ್ಲ. ಹಿತ್ತಲ ಕುಂಡಗಳನ್ನು ನೋಡಿ, "ಇದು ಒಣಗೈತಿ", "ಅದು ಹೂ ಬಿಟ್ಟೈತಿ" ಎನ್ನುತ್ತಿದ್ದರು. ಅಪ್ಪಿತಪ್ಪಿಯೂ ಆಕಿ ಎನ್ನಲಿಲ್ಲ. ಅವರ ಬಾಯಿಂದ ಅಷ್ಟು ಹೆಣ್ಣುಮಕ್ಕಳನ್ನು ಕಸಿದುಕೊಂಡವಳು ನಾನು.

ಹೋದ ವರ್ಷ ಸಕ್ಕರೆ ಕಾಯಿಲೆ ಹೆಚ್ಚಾಗಿ ತಂಗಿಯ ಮನೆಗೆ ಹೊರಟಾಗ ಚಿತ್ರದ ಪುಸ್ತಕ ನನಗೆ ಕೊಟ್ಟರು. ಕೊನೆಯ ಹಾಳೆಯಲ್ಲಿ ನೆಲಗಳ್ಳಿ, ಅರ್ಧ ಬರೆದದ್ದು. ಕೆಳಗೆ ಹೆಸರಿಲ್ಲ, ಕೆಂಪು ಪೆನ್ನಿನ ಪ್ರಶ್ನೆಯೂ ಇಲ್ಲ. ಬರೆಯಲು ಬಿಟ್ಟಿರಲಿಲ್ಲವಲ್ಲ.

ಗ್ರೂಪಿನಲ್ಲಿ ಟಿಣ್ ಟಿಣ್ ನಿಲ್ಲಲೊಲ್ಲದು. ಫೋಟೋವನ್ನು ಅಣ್ಣನಿಗೆ ಕಳಿಸಿದ್ದಾಕೆ ಬರೆದಳು: "ಅವರ ಋಣ ತೀರಿಸಾಕ ಆಗೂದಿಲ್ಲ." ಅದನ್ನು ಓದಿದ ಮೇಲೆ ಕೈ ತೊಳೆಯುವಷ್ಟು ತಾಳ್ಮೆ ಉಳಿಯಲಿಲ್ಲ. ಹುಣಸೆಯ ಅಂಟು ಬೆರಳಿನಿಂದಲೇ ಒತ್ತಿದೆ. ಒಂದೊಂದು ಅಕ್ಷರ ಎರಡೆರಡು ಸಲ ಬೀಳುತ್ತಿತ್ತು, ಅಳಿಸಿ ಅಳಿಸಿ ಬರೆದೆ.

"ಮೂರು ವರ್ಷದ ಹಿಂದೆ ಗುಡಿಯ ಹಿಂದೆ ಸಿಕ್ಕಿದ್ದು ಗಿಡ. ಕಳ್ಳಿ ಗಿಡ. ಅಕ್ಕೋರು ಏನೂ ಕದ್ದಿರಲಿಲ್ಲ. ತಪ್ಪು ಬರೆದವಳು ನಾನು. ಕೇಳದೆ ಕಳಿಸಿದವರು ನೀವು. ಈಗ ಕೈ ಮುಗಿಯುವ ಮೊದಲು ಆ ಫೋಟೋ ಎಲ್ಲೆಲ್ಲಿಗೆ ಕಳಿಸಿದ್ದಿರೋ ಅಲ್ಲಲ್ಲಿಗೆ ಇದನ್ನೂ ಕಳಿಸಿರಿ."

ಟಿಣ್ ನಿಂತಿತು. ಎಲ್ಲರೂ ಓದಿದ ಗುರುತು ಬಿತ್ತು. ಎಷ್ಟೋ ಹೊತ್ತಿನ ಮೇಲೆ ಮೂಲೆಮನೆಯಾಕೆ ಬರೆದಳು: "ನಳ ಬಂದಾವು."

ಎಂಟು ದಿನಕ್ಕೊಮ್ಮೆ ಬರುವ ನೀರು. ಹುಣಸೆಯ ಮೇಲೆ ಮೊರ ಬೋರಲು ಹಾಕಿ, ಕೊಡ ತೆಗೆದುಕೊಂಡು ಎದ್ದೆ.