ಲಗಮವ್ವನ ಜಡೆ

ದೇವರ ಸಿಟ್ಟು, ಮೈಮೇಲೆ ಬರುವುದು, ಮಾಟ, ಇಂಥ ಸುದ್ದಿ ಎತ್ತಿದವರನ್ನು ನಾನು ನಕ್ಕು ಸುಮ್ಮನಾಗಿಸುತ್ತಿದ್ದವಳು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ನಂಬುವುದಿಲ್ಲ ಎಂದು ಮೊದಲಿನಷ್ಟು ಜೋರಾಗಿ ಹೇಳಲು ಮಾತ್ರ ಬಾಯಿ ಬರುವುದಿಲ್ಲ. ಕೆಲವು ವರ್ಷಗಳ ಹಿಂದೆ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಓದುವಾಗ ನಿಮಗೆ ಹೇಸಿಗೆಯಾದರೆ ಕ್ಷಮಿಸಿ. ಬರೆಯುವಾಗ ನನಗೂ ಆಗುತ್ತಿದೆ.

ಆಗ ನಾನು ಚಿಕ್ಕೋಡಿ ಕಡೆಯ ಒಂದು ಸಣ್ಣ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ಓದುತ್ತಿದ್ದೆ. ನಮ್ಮ ಇಡೀ ವಿಭಾಗವೆಂದರೆ ಒಂದು ಕೋಣೆ, ಒಂದು ಕಪಾಟು, ಒಬ್ಬರು ಸರ್. ವಾರದಲ್ಲಿ ಕೆಲವು ದಿನ ಹಳ್ಳಿಗಳಿಗೆ ಹೋಗಿ ಮನೆ ಮನೆ ಭೇಟಿ ಮಾಡಬೇಕು, ಕಷ್ಟದಲ್ಲಿರುವವರ ಜೊತೆ ಕೂತು ಮಾತಾಡಬೇಕು. ಅದಕ್ಕೆ ನಾವು ಫೀಲ್ಡ್‌ವರ್ಕ್ ಎನ್ನುತ್ತಿದ್ದೆವು. ನನ್ನ ಪಾಲಿಗೆ ಬಂದದ್ದು ಚಿಂಚಲಿಯ ಆಚೆಗಿನ ಒಂದು ಕುರಿಗಾರರ ಓಣಿ. ಲಗಮವ್ವ ಸಿಕ್ಕಿದ್ದು ಅಲ್ಲಿ.

ಐವತ್ತು ದಾಟಿದ ಹೆಂಗಸು. ತಲೆಯ ಹಿಂಭಾಗದಿಂದ ಸೊಂಟದವರೆಗೆ ಮುಂಗೈ ದಪ್ಪದ ಒಂದೇ ಒಂದು ಜಡೆ ಇಳಿದಿತ್ತು. ಹೆಣೆದದ್ದಲ್ಲ, ಸಿಕ್ಕುಗಟ್ಟಿ ತಾನಾಗಿಯೇ ಆದದ್ದು. ಅದು ದೇವಿ ಕೊಟ್ಟದ್ದು ಎಂದು ವರ್ಷಗಟ್ಟಲೆ ನೀರು ಮುಟ್ಟಿಸದೆ, ಎಣ್ಣೆ, ದೇವಿಯ ಭಂಡಾರದ ಅರಿಷಿಣ ಹಚ್ಚುತ್ತ ಬಂದಿದ್ದಳು. ಧೂಳು, ಹೇನು, ಕುರಿಯ ಉಣ್ಣೆಯ ವಾಸನೆ, ಕಮಟು ಅರಿಷಿಣ, ಎಲ್ಲ ಸೇರಿ ಅದು ನಾರುತ್ತಿತ್ತು. ಬುಡದಲ್ಲಿ ಹುಣ್ಣಾಗಿ ಕೀವು ಸೋರುತ್ತಿತ್ತು. ಆಕೆ ಕೊಟ್ಟ ಚಹಾವನ್ನು ನಾನು ಉಸಿರು ಹಿಡಿದು ಗುಟುಕರಿಸುತ್ತಿದ್ದೆ. ಸಮಾಜಕಾರ್ಯ ಓದುವವಳು ಹೀಗನ್ನಬಾರದು. ಆದರೆ ಹೊಟ್ಟೆ ತೊಳೆಸುವುದಕ್ಕೆ ಪಠ್ಯಪುಸ್ತಕ ಗೊತ್ತಿರುವುದಿಲ್ಲ.

ಲಗಮವ್ವನಿಗೂ ಅದು ಸಾಕಾಗಿತ್ತು. ಮಗ್ಗುಲಾಗಿ ಮಲಗಲು ಬಾರದು, ಕುತ್ತಿಗೆ ಹೊರಳದು. ತೆಗೆಸಿದರೆ ದೇವಿ ಸಿಟ್ಟಾದಾಳೆಂದು ಮಾತ್ರ ಹೆದರಿಕೆ, ಏಕೆಂದರೆ ಮಗಳು ಬಸುರಿಯಾಗಿ ತವರಿಗೆ ಬಂದಿದ್ದಳು.

"ನನಗ ಏನ್ ಆದ್ರೂ ಆಗವಲ್ದ್ಯಾಕ ಅಕ್ಕಾರ. ಆ ಹುಡಿಗಿಗಿ ಏನರೆ ಆದ್ರ ನಾ ಹೆಂಗ ಮಾಡ್ಲಿ?" ಎಂದು ಪ್ರತಿ ಸಲವೂ ಅಲ್ಲಿಗೇ ಬಂದು ನಿಲ್ಲುತ್ತಿದ್ದಳು.

ಹುಣ್ಣಿನ ವಿಷಯ ಹೇಳಿದೆ, ವೈದ್ಯರ ಮಾತು ಹೇಳಿದೆ. ಕಲ್ಲಿನ ಮೇಲೆ ನೀರು ಸುರಿದಂತಾಯಿತು. ಕೊನೆಗೊಂದು ದಿನ ಬೇಸತ್ತು, ಆಕೆಯ ತಲೆಯ ಮೇಲೆ ಕೈಯಿಟ್ಟು ನಮ್ಮ ಕಡೆಯವರು ಅನ್ನುವಂತೆ ಅಂದುಬಿಟ್ಟೆ: "ಮಾವಶಿ, ಏನ್ ಬರೂದಿದ್ರೂ ನನ್ನ ಮ್ಯಾಲ ಬರ್ಲಿ. ನಿಮ್ಮ ಮಗಳ ಸುದ್ದಿಗಿ ಬರೂದು ಬ್ಯಾಡ."

ಆಕೆ ಕುತ್ತಿಗೆ ಬಾಗಿಸಿದಳು.

ಮರುದಿನ ನಾವು ಒಯ್ದ ಕತ್ತರಿ ಅದಕ್ಕೆ ನಾಟಲೇ ಇಲ್ಲ. ಅವರ ಮನೆಯಲ್ಲೇ ಇದ್ದ ಕುರಿ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿಯಿಂದ ನಾನೇ ಕತ್ತರಿಸಿದೆ. ಹೇನುಗಳು ನನ್ನ ಮುಂಗೈ ಹತ್ತಿದವು. ಲಗಮವ್ವ ಕುತ್ತಿಗೆಯನ್ನು ಆ ಕಡೆ ಈ ಕಡೆ ಹೊರಳಿಸಿ ನೋಡಿ ಅತ್ತಳು. "ಇದನ್ನಷ್ಟ ಕುಡಚಿ ಹೊಳಿಗಿ ಬಿಟ್ಟಬಿಡ್ರಿ" ಎಂದು ಕೇಳಿಕೊಂಡಳು. ಜೊತೆಗೆ ಬಂದಿದ್ದ ಸರ್ ಆಗಲಿ ಎಂದರು.

ಆದರೆ ಸರ್ ಹೊಳೆಗೆ ಬಿಡಲಿಲ್ಲ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ವಿಭಾಗದ ಕಪಾಟಿನಲ್ಲಿಟ್ಟರು. "ಮುಂದಿನ ವರ್ಷದ ಹುಡುಗ್ರಿಗೆ ತೋರ್ಸಾಕ ಬೇಕಾಗ್ತೈತಿ" ಎಂದರು. ನೋಟಿಸ್ ಬೋರ್ಡಿನ ಮೇಲೆ ಫೋಟೊ ಬಂತು. ಗಾಳಕ್ಕೆ ಸಿಕ್ಕ ಮೀನಿನಂತೆ ಜಡೆಯನ್ನು ಎತ್ತಿ ತೋರಿಸುತ್ತ ಸರ್ ನಗುತ್ತಿದ್ದರು. ಕಪಾಟು ತೆರೆದಾಗಲೆಲ್ಲ ಆ ನಾತ. ಜಡೆಗಿಂತ ಆ ನಗು ನೋಡಿ ನನಗೆ ಹೆಚ್ಚು ಅಸಹ್ಯವಾಯಿತು. ಕೊಟ್ಟ ಮಾತಿನ ಪ್ರಕಾರ ಹೊಳೆಗೆ ಬಿಡೋಣ ಎಂದೆ. "ನೀನೂ ನಂಬಾಕತ್ತಿ ಏನ?" ಎಂದು ಕೇಳಿದರು.

ಅದಾದ ಸ್ವಲ್ಪ ದಿನಕ್ಕೆ, ಒಂದು ಭಾನುವಾರ, ತಲೆ ತೊಳೆದುಕೊಂಡು ಹಾಸ್ಟೆಲಿನ ಮಾಳಿಗೆಯ ಬಿಸಿಲಲ್ಲಿ ಕೂತಿದ್ದೆ. ಅಥಣಿಯ ಸುಜಾತಾ, ನನ್ನ ಕೋಣೆಯವಳು, ಹಿಂದೆ ಕೂತು ಬಾಚಿ ಸಿಕ್ಕು ಬಿಡಿಸಿದಳು. ಊಟ ಮಾಡಿ ಮಲಗಿದೆ. ಇಳಿಹೊತ್ತಿಗೆ ಎದ್ದು ಕೂತರೆ ಯಾರೋ ಹಿಂದಿನಿಂದ ಜಗ್ಗಿ ಹಿಡಿದಂತೆ ತಲೆ ಭಾರ. ಕೈ ಹಾಕಿದೆ. ತಲೆಯ ಹಿಂದೆ ಹಗ್ಗದಂಥ ಒಂದು ಗಟ್ಟಿ ಜಡೆ, ಅಂಟಂಟು. ಕೈ ಮೂಸಿದರೆ ಕಮಟು ಅರಿಷಿಣ, ಉಣ್ಣೆ.

ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡೆ.

ನಮ್ಮದು ಬೋರಗಾಂವದ ಮಗ್ಗದ ಮನೆ, ನೂಲಿನ ಸಿಕ್ಕು ಬಿಡಿಸುತ್ತ ಬೆಳೆದವಳು ನಾನು. ಎಣ್ಣೆ ಹಾಕಿದೆ, ಸಾಬೂನು ಹಾಕಿದೆ, ಸೂಜಿ ಹಾಕಿ ಎಳೆದೆ. ಒಂದು ಎಳೆಯೂ ಬಿಡಲಿಲ್ಲ. ಬೆಳಿಗ್ಗೆ ಬಾಚಿದ ಸುಜಾತಾ ಬಾಗಿಲಲ್ಲೇ ನಿಂತಳು, ಒಳಗೆ ಬರಲಿಲ್ಲ. ಕತ್ತರಿಸು ಎಂದು ಅಂಗಲಾಚಿದೆ. "ನನ್ನ ಕೈಲಿ ಆಗಂಗಿಲ್ಲ ನೋಡ" ಎಂದಳು. ವೈದ್ಯರು ಬೋರಿನ ಗಡಸು ನೀರಿಗೆ ಹೀಗಾಗುವುದುಂಟು ಎಂದರು. ಹಾಸ್ಟೆಲಿನವರೆಲ್ಲ ಅದೇ ನೀರಿನಲ್ಲಿ ಮೀಯುತ್ತಿದ್ದರು. ಮೂಢನಂಬಿಕೆಯ ಮೇಲೆ ಊರೂರು ಭಾಷಣ ಮಾಡುವ ನಮ್ಮ ಸರ್ ನನ್ನನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದರು. ನನ್ನ ತಲೆ ನನ್ನದೇ, ಆದರೂ ದಿಂಬಿಗೆ ತಾಗಿಸಲು ಓಕರಿಕೆ. ತುತ್ತು ಬಾಯಿಗಿಟ್ಟರೆ ಅದೇ ನಾತ. ಹೀಗೇ ಇರಬೇಕಾದರೆ ಹೇಗೆ ಬದುಕಲಿ ಎಂದು ಅಳುತ್ತ ಕೂತೆ.

ಸುಜಾತಾ ಲಗಮವ್ವನ ಮಗಳಿಗೆ ಫೋನು ಮಾಡಿದ್ದಳು. ಆ ಹುಡುಗಿಗೆ ಆಗಲೇ ಹೆರಿಗೆಯಾಗಿತ್ತು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಲಗಮವ್ವ ಅದೇ ಕುರಿಯ ಕತ್ತರಿ ತಗೊಂಡು ಬಸ್ಸು ಹತ್ತಿ ಬಂದಳು. ನನ್ನ ಹಿಂದೆ ಕೂತು ಜಡೆಯನ್ನು ಎತ್ತಿ ಮೂಸಿದಳು.

"ಇಷ್ಟು ಹೊಲಸ ನಾರತಿತ್ತೇನ್ರಿ ಅಕ್ಕಾರ? ಬಾಜೂಕ ಕುಂತ ಚಾ ಹೆಂಗ ಕುಡೀತಿದ್ರಿ?" ಎಂದಳು. ಹೊರಗೆ ಹೋಗಿ ಉಗುಳಿ ಬಂದಳು. ಆಮೇಲೆ ಒಂದೇ ಸಮನೆ ಕತ್ತರಿಸಿದಳು.

ಕೆಳಗೆ ಬಿದ್ದದ್ದನ್ನು ನೋಡಿದೆ. ಕಾಲೇಜಿನ ಹುಡುಗಿ ನಾನು, ತಲೆಯಲ್ಲಿ ಒಂದೂ ಬಿಳಿ ಕೂದಲಿರಲಿಲ್ಲ. ಆ ಜಡೆಯ ತುಂಬ ನರೆಗೂದಲಿತ್ತು. ಲಗಮವ್ವನದೇ ಹೇಗೋ ಬಂದಿರಬೇಕು ಎಂದುಕೊಂಡು ವಿಭಾಗಕ್ಕೆ ಹೋಗಿ ಕಪಾಟು ತೆಗೆಸಿದೆ. ಆಕೆಯ ಜಡೆ ಕಟ್ಟಿದ ಚೀಲದಲ್ಲಿ ಇದ್ದ ಹಾಗೇ ಇತ್ತು. ಹಾಗಾದರೆ ನನ್ನ ತಲೆಯಲ್ಲಿದ್ದದ್ದು ಯಾರದು? ಆ ಲೆಕ್ಕ ನನಗೆ ಇಂದಿಗೂ ಹತ್ತಿಲ್ಲ. ತಿಳಿದವರು ಯಾರಾದರೂ ಇದ್ದರೆ ಹೇಳಲಿ, ಕೇಳುತ್ತೇನೆ.

ಆ ಚೀಲವನ್ನು ಲಗಮವ್ವನ ಮುಂದೆ ತಂದಿಟ್ಟೆ. ಎರಡನ್ನೂ ನಾನೇ ಹೊಳೆಗೆ ಬಿಟ್ಟುಬರುತ್ತೇನೆ ಎಂದು ಕೈ ಚಾಚಿದೆ. ಲಗಮವ್ವ ಕೊಡಲಿಲ್ಲ. ಎರಡನ್ನೂ ತನ್ನ ಕೈಚೀಲಕ್ಕೆ ತುಂಬಿಕೊಂಡು, ಚೀಲವನ್ನು ಹೆಗಲಿಗೇರಿಸಿದಳು.

"ನೀವು ಬ್ಯಾಡ್ರಿ ಅಕ್ಕಾರ," ಎಂದಳು. "ನನಗ ಹೊತ್ತ ರೂಢಿ ಐತಿ."