ಗಿರಣಿಯ ಗದ್ದಲದಲ್ಲಿ ಹಾಡುವವಳು
ಉಪೋಲು ದ್ವೀಪದ ತೆಂಗಿನೆಣ್ಣೆ ಗಿರಣಿಯಲ್ಲಿ ಕೊಬ್ಬರಿ ಅರೆಯುವ ಯಂತ್ರದ ಮುಂದೆ ನಿಲ್ಲುವ ಇಪ್ಪತ್ತೆರಡರ ಮಾಸಿನಾಗೆ ಪಾಪ್ ಹಾಡುಗಳ ಹುಚ್ಚು. ಅಪ್ಪ ಊರ ಚರ್ಚಿನ ಪಾದ್ರಿ. ಮನೆಯಲ್ಲಿ ಸ್ತೋತ್ರ ಬಿಟ್ಟರೆ ಬೇರೆ ಹಾಡಿಲ್ಲ. ಹಾಗಾಗಿ ಅವಳು ಯಂತ್ರದ ಸದ್ದು ತಡೆಯಲೆಂದು ಗಿರಣಿಯವರು ಕಿವಿಗೆ ಹಾಕಲು ಕೊಟ್ಟ ಮುಚ್ಚಳ ಕಿತ್ತಿಟ್ಟು, ಇಯರ್‌ಫೋನ್ ಸಿಕ್ಕಿಸಿ, ಯಂತ್ರವನ್ನೂ ಮೀರಿಸುವಷ್ಟು ಜೋರು ಮಾಡಿಕೊಂಡು, ಗಂಟಲು ಬಿಚ್ಚಿ ಹಾಡುತ್ತಾಳೆ. ಬಿಡುವಿನಲ್ಲಿ ಎಣ್ಣೆಡಬ್ಬಗಳ ಮೇಲೆ ಬೆರಳಿನಿಂದ ಹಸ್ತಾಕ್ಷರ ಹಾಕುತ್ತಾ, "ಆಕ್ಲೆಂಡಲ್ಲಿ ನನ್ನ ಪ್ರೋಗ್ರಾಮ್ ಇದ್ದಾಗ ನಿಮಗೆಲ್ಲ ಮುಂದಿನ ಸಾಲೇ ಕಣ್ರೇ" ಎನ್ನುತ್ತಾಳೆ. "ಮೊದ್ಲು ಈ ಬುಟ್ಟಿಗೆ ಕೈ ಹಾಕು ಬಾರೇ, ಮಹಾರಾಣಿ" ಎಂದು ಜೊತೆಯ ಲುಪೆ ನಗುತ್ತಾಳೆ. ಸಂಜೆ ಮನೆ ಸೇರಿದವಳೇ ಮೊಣಕಾಲೂರಿ ಅಷ್ಟೂ ಹಾಡುಗಳಿಗೆ ದೇವರ ಕ್ಷಮೆ ಕೇಳುತ್ತಾಳೆ. ಬೆಳಗಾದರೆ ಮತ್ತೆ ಶುರು. ಈ ವರ್ಷ ಚರ್ಚಿನ ಹಾಡುಗಾರರ ತಂಡದಲ್ಲಿ ಅವಳ ಶ್ರುತಿ ತಪ್ಪತೊಡಗಿತು. ಎಡಗಿವಿ ಹೋಗಿದೆ, ಬಲಗಿವಿಯೂ ಹೋಗುತ್ತಿದೆ, ಜೋರು ಸದ್ದೇ ಕಾರಣ ಎಂದರು ಡಾಕ್ಟರು. ದೇವರು ಕೊಟ್ಟ ಶಿಕ್ಷೆಯೆಂದೇ ನಂಬಿದ ಮಾಸಿನಾ ಮನೆಯಲ್ಲಿ ಬಾಯಿಬಿಡಲಿಲ್ಲ. ಹಾಡನ್ನೂ ಬಿಡಲಾಗಲಿಲ್ಲ, ಸದ್ದು ಇನ್ನಷ್ಟು ಏರಿಸಿಕೊಂಡಳು. ಚರ್ಚಿನಲ್ಲಿ ಹಾಡಿಸುವ ಸೋದರತ್ತೆ ಅವಳನ್ನು ಹಿಂದಿನ ಸಾಲಿಗೆ ಕಳಿಸಿ, "ಬೇಜಾರು ಮಾಡ್ಕೋಬೇಡ ಮಗಳೇ, ಸುಮ್ನೆ ತುಟಿ ಆಡಿಸು ಸಾಕು" ಎಂದಳು. ಕಳೆದ ಭಾನುವಾರ ಅವಳು ದನಿಯೆತ್ತದೆ ಹಾಗೆಯೇ ಮಾಡಿದಳು. ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಅವಳ ತಟ್ಟೆಗೆ ಬೆಂದ ಕೆಸುವಿನ ಗೆಡ್ಡೆ ಬಡಿಸುತ್ತಾ, "ಅಷ್ಟು ಜನರ ಮಧ್ಯೆ ನಿನ್ನ ದನಿ ಒಂದೇ ನಂಗೆ ಬೇರೆಯಾಗಿ ಕೇಳಿಸ್ತು ಕಣಮ್ಮಾ" ಎಂದರು. ಮಾಸಿನಾ ಬಲಗಿವಿಯನ್ನು ಅವರತ್ತ ತಿರುಗಿಸಿ, "ಏನಂದ್ರಿ ಅಪ್ಪಾ?" ಎಂದು ಕೇಳಿದಳು.