ತೇಡೆ ಮೀನಿನ ಬಾಯಲ್ಲಿದ್ದದ್ದು

ಸರಸಕ್ಕನ ಉತ್ತರಕ್ರಿಯೆಗೆ ಎರಡು ದಿನವಿರುವಾಗ ಅವಳ ತಮ್ಮ ಕಿಟ್ಟ ಇನ್ನಂಜೆಗೆ ಬಂದು ಕುಶಲಾಳ ಮನೆಯ ಜಗಲಿಯಲ್ಲಿ ಕುಳಿತ.

"ಟೀಚರ್, ನುಡಿನಮನಕ್ಕೆ ನೀವೇ ಆಗಬೇಕು. ಮೀನುಗಾರರ ಸಂಘದ ಅಧ್ಯಕ್ಷರ ಕೈಗೆ ಮೈಕ್ ಕೊಟ್ಟರೆ ಅಕ್ಕನನ್ನು ಬಿಟ್ಟು ಬಂದರಿನ ವಿಷಯ ಹೇಳ್ತಾರೆ."

ಕುಶಲಾ ಹೂಂ ಎಂದಳು. ಅವನು ಹೋದ ಮೇಲೆ ಕಾಗದ ತೆಗೆದು ಕುಳಿತರೆ ಒಂದು ಸಾಲಿನಾಚೆಗೆ ಪೆನ್ನು ಹೋಗಲಿಲ್ಲ. ಸರಸಕ್ಕನ ಬಗ್ಗೆ ಹೇಳಲು ಬೇಕಾದಷ್ಟಿತ್ತು. ಹೇಳಲೇಬೇಕಾದದ್ದು ಮಾತ್ರ ಒಂದೇ. ಅದನ್ನು ಅವಳು ಬದುಕಿರುವಾಗಲೇ ಹೇಳಬೇಕಿತ್ತು.

ಇಪ್ಪತ್ತೆರಡು ವರ್ಷಗಳ ಹಿಂದೆ ಕುಶಲಾ ಕಾಪುವಿನ ಹೈಸ್ಕೂಲಿಗೆ ಜೀವಶಾಸ್ತ್ರದ ಟೀಚರಾಗಿ ಸೇರಿದ ವಾರವೇ ಸರಸಕ್ಕ ಗೇಟಿನ ಬಳಿ ಮೀನಿನ ಬುಟ್ಟಿ ಇಳಿಸಿ, ಕಂದು ಬಣ್ಣದ, ಚರ್ಮದ ಪರ್ಸಿನಂಥ ಏನನ್ನೋ ಅವಳ ಅಂಗೈಗೆ ಹಾಕಿದ್ದಳು.

"ಇದು ಎಂತ ಟೀಚರ್?"

"ಗೊತ್ತಿಲ್ಲ."

"ಬಿ.ಎಸ್ಸಿ. ಅಂತ ಹೇಳಿದರಲ್ಲ ಮಾರಾಯ್ರೆ!"

ಆ ಭಾನುವಾರ ಕುಶಲಾ ಬಸ್ಸು ಹಿಡಿದು ಮಣಿಪಾಲಕ್ಕೆ ಹೋಗಿ, ಪರಿಚಯದವರೊಬ್ಬರ ಮೂಲಕ ಗ್ರಂಥಾಲಯದೊಳಗೆ ಕುಳಿತು ಹುಡುಕಿದಳು. ಅದು ಸಣ್ಣ ಜಾತಿಯ ಒಂದು ಶಾರ್ಕಿನ ಮೊಟ್ಟೆಯ ಚೀಲ. ಸೋಮವಾರ ಹೇಳಿದಾಗ ಸರಸಕ್ಕ ಚೀಲವನ್ನು ಬಿಸಿಲಿಗೆ ಹಿಡಿದು ನೋಡಿದಳು. "ಹಾಗಾದರೆ ಇದರೊಳಗೆ ಒಂದು ಮಗು ಇತ್ತು," ಎಂದಳು.

ಅಂದಿನಿಂದ ಬಲೆಗೆ ಬಿದ್ದು ಮಾರಾಟಕ್ಕಾಗದೆ ಉಳಿದದ್ದೆಲ್ಲ ಹಾರ್ಲಿಕ್ಸ್ ಬಾಟ್ಲಿಯಲ್ಲಿ ಶಾಲೆಗೆ ಬರತೊಡಗಿತು. ಕಡಲಕುದುರೆ ಬಂತು. ಮುಟ್ಟಿದರೆ ಚೆಂಡಿನಂತೆ ಊದಿಕೊಳ್ಳುವ ಮೀನು ಬಂತು. ಒಮ್ಮೆ ಶಂಖದೊಳಗೆ ಮನೆಮಾಡಿದ ಏಡಿಯೊಂದು, ಬೆನ್ನ ಮೇಲೆ ಹೂವಿನಂಥ ಇನ್ನೊಂದು ಜೀವಿಯನ್ನು ಕೂರಿಸಿಕೊಂಡೇ ಬಂತು. "ನೋಡಿ, ಮಾಳಿಗೆಯನ್ನು ಬಾಡಿಗೆಗೆ ಕೊಟ್ಟಿದ್ದಾನೆ," ಎಂದಳು ಸರಸಕ್ಕ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ಅವಳು. ಯಾವ ಮೀನು ಸಿಕ್ಕಿದರೂ ಮೊದಲು ಹೊಟ್ಟೆ ಸೀಳಿ ನೋಡುವುದು ಅವಳ ಕ್ರಮ. ಹೊಟ್ಟೆಯಲ್ಲಿದ್ದದ್ದನ್ನು ನೋಡಿದರೆ ಮೀನು ಎಲ್ಲೆಲ್ಲಿ ತಿರುಗಾಡಿದೆಯೆಂದು ಗೊತ್ತಾಗುತ್ತದೆ ಎನ್ನುತ್ತಿದ್ದಳು.

ಒಂದು ವರ್ಷ ಮಕ್ಕಳ ಪ್ರವಾಸಕ್ಕೆ ಅವಳೂ ಕಾರ್ಕಳಕ್ಕೆ ಬಂದಿದ್ದಳು. ಮಕ್ಕಳೆಲ್ಲ ತಲೆಯೆತ್ತಿ ಗೊಮ್ಮಟನನ್ನು ನೋಡುತ್ತಿದ್ದಾಗ ಸರಸಕ್ಕ ಬಂಡೆಯ ಮೇಲಿನ ಮಳೆನೀರಿನ ಗುಂಡಿಗೆ ಬಗ್ಗಿ ಕೂತಿದ್ದಳು. ಅದರಲ್ಲಿ ಅಕ್ಕಿಕಾಳಿನಷ್ಟು ಉದ್ದದ, ಗಾಜಿನಂಥ ಸಿಗಡಿಗಳು ಮಗುಚಿ ಈಜುತ್ತಿದ್ದವು. "ಕಡಲಿಲ್ಲದೆ ಇವು ಇಲ್ಲಿಗೆ ಹೇಗೆ ಬಂದವು ಟೀಚರ್?" ಬಸ್ಸು ಹಿರಿಯಡ್ಕ ದಾಟುವವರೆಗೂ ಅದೇ ಪ್ರಶ್ನೆ.

ಆ ವರ್ಷದ ಸೆಪ್ಟೆಂಬರಿನಲ್ಲೇ ಅದು ನಡೆದದ್ದು. ಸರಸಕ್ಕ ಮೀಸೆಯ ತೇಡೆ ಮೀನೊಂದನ್ನು ಹಿಡಿದುಕೊಂಡು ಸೀದಾ ಒಂಬತ್ತನೇ ತರಗತಿಯೊಳಗೆ ಬಂದು ಅದರ ಬಾಯಿ ಅಗಲಿಸಿದಳು. ಒಳಗೆ ಗೋಲಿಯಂಥ ಹಳದಿ ಮೊಟ್ಟೆಗಳು ತುಂಬಿದ್ದವು.

"ಮಕ್ಕಳೇ, ಇದು ಅಪ್ಪ. ಮರಿಯಾಗುವವರೆಗೆ ಬಾಯಲ್ಲಿಟ್ಟುಕೊಂಡು ಸಾಕುತ್ತಾನೆ."

ಕುಶಲಾ ನಕ್ಕಳು. "ಇಲ್ಲ ಸರಸಕ್ಕ, ಇದು ಬೇರೆ ಮೀನಿನ ಮೊಟ್ಟೆಯನ್ನು ತಿನ್ನುತ್ತಿರುವಾಗ ಬಲೆಗೆ ಬಿದ್ದದ್ದು."

"ತಿಂದರೆ ಹೊಟ್ಟೆಯಲ್ಲಿ ಇರಬೇಡವಾ? ಇಂಥದ್ದರ ಹೊಟ್ಟೆ ಯಾವಾಗಲೂ ಖಾಲಿ. ಮೊಟ್ಟೆಯ ಚೀಲವೂ ಇಲ್ಲ. ಎಲ್ಲ ಗಂಡೇ."

"ಅಪ್ಪ ಅಡುಗೆಮನೆಗೇ ಬರುವುದಿಲ್ಲ, ಇನ್ನು ಬಾಯಲ್ಲಿಟ್ಟು ಸಾಕುವುದುಂಟಾ?" ಎಂದು ಕುಶಲಾ ಮಕ್ಕಳ ಕಡೆ ತಿರುಗಿದಳು. ತರಗತಿಯೆಲ್ಲ ನಕ್ಕಿತು. ಸರಸಕ್ಕನೂ ನಕ್ಕಳು. ಮೀನನ್ನು ಸೆರಗಿನ ಮರೆಯಲ್ಲಿ ಹಿಡಿದು ಹೊರಗೆ ಹೋದಳು. ಆಮೇಲೂ ಬಾಟ್ಲಿಗಳು ಬರುತ್ತಲೇ ಇದ್ದವು. ತೇಡೆ ಮಾತ್ರ ಮತ್ತೆ ಬರಲಿಲ್ಲ.

ಐದು ವರ್ಷ ಕಳೆದ ಮೇಲೆ, ಯಾಕೋ ಮನಸ್ಸು ತಡೆಯದೆ, ಕುಶಲಾ ಉಡುಪಿಯ ಮಾರುಕಟ್ಟೆಯಲ್ಲಿ ಮೂರು ತೇಡೆ ಕೊಂಡು ತಂದು ಹಿತ್ತಲಲ್ಲಿ ತಾನೇ ಕೊಯ್ದಳು. ಎರಡರ ಬಾಯಲ್ಲಿ ಮೊಟ್ಟೆಗಳಿದ್ದವು. ಆ ಎರಡರ ಹೊಟ್ಟೆಯೂ ಖಾಲಿ. ಕರುಳು ನೂಲಿನ ಹಾಗೆ ಬತ್ತಿಹೋಗಿತ್ತು. ಗ್ರಂಥಾಲಯದ ಪುಸ್ತಕವೂ ಅದನ್ನೇ ಹೇಳಿತು. ಗಂಡು ತೇಡೆ ವಾರಗಟ್ಟಲೆ ಉಪವಾಸವಿದ್ದು ಮೊಟ್ಟೆ ಕಾಯುತ್ತದೆ. ಮರುವರ್ಷದಿಂದ ಕುಶಲಾ ಪಾಠವನ್ನು ತಿದ್ದಿ ಹೇಳತೊಡಗಿದಳು, ಆದರೆ ತಿದ್ದಿದವರು ಯಾರೆಂದು ಹೇಳಲಿಲ್ಲ. ಸರಸಕ್ಕನಿಗೆ ನಾಳೆ ಹೇಳಿದರಾಯಿತು ಎಂದುಕೊಂಡೇ ವರ್ಷಗಳು ಹೋದವು. ಕೊನೆಗೆ ಆಸ್ಪತ್ರೆಯಲ್ಲಿ ಸರಸಕ್ಕನ ಮಂಚದ ಬಳಿ ಕೂತಾಗಲೂ ಗಂಜಿ ಸೇರುತ್ತದೋ, ನಿದ್ರೆ ಬರುತ್ತದೋ ಎಂದು ಕೇಳಿ ಎದ್ದುಬಂದಿದ್ದಳು.

ಉತ್ತರಕ್ರಿಯೆಯ ದಿನ ಕಡಲ ಬದಿಯ ಸಭಾಭವನದಲ್ಲಿ ಮೈಕ್ ಹಿಡಿದಾಗ ಎದುರಿಗೆ ಅವಳದೇ ಹಳೆಯ ವಿದ್ಯಾರ್ಥಿಗಳು ಸಾಲಾಗಿ ಕೂತಿದ್ದರು. ಅಂದು ನಕ್ಕವರೂ ಇದ್ದರು. ಕುಶಲಾ ಕಾಗದವನ್ನು ಮಡಚಿದಳು.

"ಸರಸಕ್ಕ ತೇಡೆಯ ಬಗ್ಗೆ ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು. ನಿಮ್ಮೆದುರು ಅವಳನ್ನು ನಗೆಪಾಟಲು ಮಾಡಿದೆ. ತಪ್ಪೆಂದು ಗೊತ್ತಾದ ಮೇಲೂ ಅವಳಿಗೆ ಹೇಳಲಿಲ್ಲ. ಇವತ್ತು ಹೇಳುತ್ತಿದ್ದೇನೆ."

ಅಷ್ಟು ಹೇಳಿ ಪಕ್ಕಕ್ಕೆ ಸರಿದಳು. ಕಿಟ್ಟ ಮೈಕ್ ತೆಗೆದುಕೊಂಡ.

ಊಟದ ಹೊತ್ತಿಗೆ, ಸರಸಕ್ಕನ ಪಕ್ಕದಲ್ಲೇ ಮೀನು ಮಾರುತ್ತಿದ್ದ ಮುದುಕಿ ಅಕ್ಕು ಕುಶಲಾಳನ್ನು ಹತ್ತಿರ ಕರೆದಳು. "ಅವಳಿಗೆ ಗೊತ್ತಿತ್ತು ಟೀಚರ್. ತೇಡೆ ತಿನ್ನದ ನೀವು ಮೂರು ತೇಡೆ ತಕೊಂಡದ್ದು ಅದೇ ದಿನ ಕಾಪುವಿಗೆ ಸುದ್ದಿ ಬಂತು."

"ಕಾದಳಾ, ನಾನು ಹೇಳುತ್ತೇನೆಂದು?"

"ಒಂದು ತಿಂಗಳು ಕಾದಳು. ಮತ್ತೆ ಬಿಟ್ಟಳು. ಮೀನು ಮಾರುವವಳಿಗೆ ಎಲ್ಲಿ ಪುರುಸೊತ್ತು?"

ಅಷ್ಟರಲ್ಲಿ ಸರಸಕ್ಕನ ಮೊಮ್ಮಗಳು, ಒಂಬತ್ತನೆಯ ತರಗತಿಯ ದೀಕ್ಷಿತಾ, ನೀರಿನ ಜಗ್ ಹಿಡಿದು ಬಂದಳು. "ಟೀಚರ್, ಅಷ್ಟು ದಿನ ಹಸಿದ ಅಪ್ಪ ತೇಡೆ ಮರಿಗಳು ಹೊರಗೆ ಬಂದ ಕೂಡಲೇ ಅವುಗಳನ್ನೇ ನುಂಗುವುದಿಲ್ಲವಾ?"

"ಗೊತ್ತಿಲ್ಲ ಮಗಾ. ನಾನು ನೋಡಿಲ್ಲ."

"ನಾನು ನೋಡಿದ್ದೇನೆ," ಎಂದಳು ಅಕ್ಕು. "ನಾನು ಹೇಳಲಾ, ಅಲ್ಲ ಟೀಚರೇ ಹೇಳ್ತೀರಾ?"

ಕುಶಲಾ ಕುರ್ಚಿಯನ್ನು ಅಕ್ಕುವಿನ ಹತ್ತಿರಕ್ಕೆ ಎಳೆದುಕೊಂಡಳು.